ನಿಲ್ಲಲು ಕಲಿತವರು ಮಾತಾಡಲು ಹೊರಟಾಗ

ಹಳೆಯ ವಿದ್ಯಾರ್ಥಿಗಳು ನೆನಪು ಬರೆಯಬೇಕೆಂದರೆ ಹಾಸ್ಟೆಲ್ಲಿನ ನೀರು ಸಾರು, ಕಾರಿಡಾರಿನ ತಮಾಷೆ ಬರೆಯುವುದು ವಾಡಿಕೆ. ಅದನ್ನು ನಮ್ಮ ಬ್ಯಾಚಿನವರು ಸಾಕಷ್ಟು ಬರೆದಾಗಿದೆ. ನಾನು ನೆನೆಯುವುದು ನಮ್ಮ ಕಾಲದಲ್ಲೇ ಕಣ್ಣಿಗೆ ಬಿದ್ದ ಒಂದು ಕಸುಬನ್ನು. ಆ ಕಸುಬಿನ ಅಂಚಿನಲ್ಲೇ ಬದುಕು ಕಟ್ಟಿಕೊಂಡದ್ದರಿಂದ, ಫೆಸ್ಟಿನ ಫ್ಯಾಷನ್ ಶೋದಲ್ಲಿ ನಡೆದ ಹುಡುಗರು ಈಗಲೂ ಕೇಳುವ ‘ಮಾಡೆಲಿಂಗ್ ಮಾಡ್ಕೊಂಡು ಆಮೇಲೆ ಸಿನಿಮಾಕ್ಕೆ ಹೋಗಬಹುದಾ ಸರ್?’ ಎಂಬ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರ ಹೇಳಬಲ್ಲೆ.

1995ರಲ್ಲಿ ಗಾಯಕಿ ಅಲಿಶಾ ಚಿನಾಯ್ ಅವರ ‘ಮೇಡ್ ಇನ್ ಇಂಡಿಯಾ’ ವಿಡಿಯೊದಲ್ಲಿ ಮರದ ಪೆಟ್ಟಿಗೆಯೊಳಗಿಂದ ಮಿಲಿಂದ್ ಸೋಮನ್ ಹೊರಬಂದಾಗ ಗಂಡು ಮಾಡೆಲ್ ಎಂಬ ಪ್ರಾಣಿ ಮನೆಮನೆಯ ಟಿವಿಗೆ ಬಂದಿತು. ಆ ಭುಜ ಜಿಮ್ಮಿನದಲ್ಲ, ಈಜುಕೊಳದ್ದು. ಆತ ರಾಷ್ಟ್ರೀಯ ಈಜು ಚಾಂಪಿಯನ್. ಆ ವಿಡಿಯೊದಲ್ಲಿ ಅವರಿಗೆ ಒಂದು ಮಾತೂ ಇರಲಿಲ್ಲ. 1998ರಲ್ಲಿ ದೂರದರ್ಶನದ ‘ಕ್ಯಾಪ್ಟನ್ ವ್ಯೋಮ್’ ಧಾರಾವಾಹಿ ಬಂದಾಗ ಮಾತಾಡಬೇಕಾಯಿತು. ಈ ಎರಡರ ನಡುವಿನ ದೂರವೇ ಮಾಡೆಲ್ ನಟನಾಗುವ ದಾರಿ.

ಗಂಡು ಮಾಡೆಲ್‌ನನ್ನು ಮೊದಲು ಆರಿಸುವುದು ಅಳತೆ ಟೇಪು. ಡಿಸೈನರ್‌ಗಳು ಸ್ಯಾಂಪಲ್ ಬಟ್ಟೆಯನ್ನು ಎಲ್ಲರಿಗೂ ಒಂದೇ ಸೈಜಿನಲ್ಲಿ ಹೊಲಿಸಿರುತ್ತಾರೆ: ಹೆಚ್ಚುಕಡಿಮೆ 40ರ ಜಾಕೆಟ್, 30ರಿಂದ 32ರ ಸೊಂಟ, ಆರಡಿಯಿಂದ ಆರಡಿ ಎರಡಂಗುಲದ ಎತ್ತರಕ್ಕೆ. ಬಟ್ಟೆ ದೊಗಲೆಯಾದರೆ ಬೆನ್ನಿಗೆ ಕ್ಲಿಪ್ ಹಾಕಿ ಫೋಟೊ ಮುಗಿಸಬಹುದು. ಜಿಮ್ಮಿಗೆ ಹೋಗಿ ಎದೆ 44 ಮಾಡಿಕೊಂಡು ಬಂದವನಿಗೆ ಮಾಡುವುದೇನೂ ಇಲ್ಲ, ಗುಂಡಿ ಕೂಡುವುದಿಲ್ಲ. ಪೋರ್ಟ್‌ಫೋಲಿಯೊ ಅಂತ ಸಾಲ ಮಾಡಿ ಹತ್ತು ವೇಷದಲ್ಲಿ ನಲವತ್ತು ಫೋಟೊ ತೆಗೆಸುವವರನ್ನು ಕಂಡರೆ ನನಗೆ ಸಂಕಟ. ಏಜೆನ್ಸಿಯವರು ಮೊದಲು ಕೇಳುವುದು ಮೇಕಪ್ ಇಲ್ಲದೆ, ಖಾಲಿ ಗೋಡೆಯ ಮುಂದೆ, ಕಿಟಕಿ ಬೆಳಕಿನಲ್ಲಿ ತೆಗೆದ ನಾಲ್ಕೈದು ಫೋಟೊ: ಎದುರು, ಓರೆ, ಪಕ್ಕ, ಬೆನ್ನು, ಒಂದು ನಗು. ಜೊತೆಗೆ ಎತ್ತರ, ಎದೆ, ಸೊಂಟ, ಕಾಲರ್, ಒಳಗಾಲಿನ ಉದ್ದ, ಶೂ ಸೈಜು. ಸುಳ್ಳು ಅಳತೆ ಬರೆದವನ ಬಣ್ಣ ಫಿಟ್ಟಿಂಗ್ ದಿನ ಬಯಲಾಗುತ್ತದೆ.

ರ‍್ಯಾಂಪಿನ ಕೆಲಸ ಹೊರಗಿನಿಂದ ಕಂಡಷ್ಟು ಸುಲಭವಲ್ಲ, ಆದರೆ ಬೇಗ ಕಲಿಯಬಹುದು. ಕೈ ಬೀಸಬಾರದು, ಭುಜ ಕುಣಿಸಬಾರದು, ಕಣ್ಣು ಫೋಟೊಗ್ರಾಫರ್‌ಗಳ ತಲೆಯಿಂದ ಸ್ವಲ್ಪ ಮೇಲೆ ಒಂದೇ ಕಡೆ ನೆಟ್ಟಿರಬೇಕು. ತುದಿಯಲ್ಲಿ ಎರಡು ಮೂರು ಸೆಕೆಂಡು ನಿಂತು ತಿರುಗಬೇಕು. ಹೊಸ ಚರ್ಮದ ಅಟ್ಟೆ ಜಾರುತ್ತದೆ, ಅದಕ್ಕೆ ಮರಳು ಕಾಗದ ಉಜ್ಜುತ್ತಾರೆ. ಅಂಗಡಿಗೆ ವಾಪಸ್ ಕೊಡಬೇಕಾದ ಶೂ ಆದರೆ ಉಜ್ಜುವಂತಿಲ್ಲ, ಅಡಿಗೆ ಟೇಪು ಅಂಟಿಸುತ್ತಾರೆ. ಒಂದು ಸುತ್ತಿನಿಂದ ಇನ್ನೊಂದಕ್ಕೆ ಬಟ್ಟೆ ಬದಲಿಸಲು ಸಿಗುವುದು ಒಂದೆರಡು ನಿಮಿಷ.

ಕಷ್ಟ ಶುರುವಾಗುವುದು ಆಡಿಷನ್ ಕೋಣೆಯಲ್ಲಿ. ಮುಂಬೈನಲ್ಲಾದರೆ ಅಂಧೇರಿ ಪಶ್ಚಿಮದ ಆರಾಮ್ ನಗರದ ಸಾಲು ಬಂಗಲೆಗಳಲ್ಲಿ ದಿನವಿಡೀ ಇದೇ ನಡೆಯುತ್ತದೆ. ಹೆಸರು, ವಯಸ್ಸು, ಎತ್ತರ ಹೇಳಿ, ಎಡ ಬಲ ತಿರುಗಿ, ಕೈ ತೋರಿಸುವವರೆಗೆ ಮಾಡೆಲ್ ಎಲ್ಲರಿಗಿಂತ ಮುಂದೆ. ಸೀನ್ ಶುರುವಾದ ಕೂಡಲೇ ವರ್ಷಗಟ್ಟಲೆ ಕಲಿತದ್ದೇ ಕಾಲಿಗೆ ತೊಡರುತ್ತದೆ. ದವಡೆ ಎದ್ದು ಕಾಣಲಿ ಎಂದು ಗದ್ದ ಮುಂದೆ ಚಾಚುವ ಅಭ್ಯಾಸ ಅವನದು. ಸ್ಥಿರಚಿತ್ರದಲ್ಲಿ ಅದು ಚೆಂದ, ಸೀನಿನಲ್ಲಿ ಧಿಮಾಕು. ಒಂದೊಂದು ಭಂಗಿ ಮುಗಿದಾಗಲೂ ಶಟರ್ ಸದ್ದಿಗೆ ಕಾದಂತೆ ಅರೆಕ್ಷಣ ನಿಲ್ಲುತ್ತಾನೆ. ಎದುರಿನವರು ಮಾತಾಡುತ್ತಿದ್ದರೆ ಕೇಳಿಸಿಕೊಳ್ಳುವ ಬದಲು ಮುಖವನ್ನು ಲೈಟಿನ ಕಡೆ ತಿರುಗಿಸುತ್ತಾನೆ. ಕ್ಯಾಮೆರಾ ಎಲ್ಲಿದೆ ಎಂದು ಅವನ ಮೈಗೆಲ್ಲ ಗೊತ್ತು. ಗೊತ್ತಿದೆ ಎಂಬುದು ನೋಡುವವರಿಗೂ ಗೊತ್ತಾಗುವುದೇ ತೊಂದರೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ದನಿಗೆ. ಇದರ ಕಾರಣವನ್ನು ಹೆಚ್ಚಿನವರು ಗಂಟಲಲ್ಲಿ ಹುಡುಕುತ್ತಾರೆ; ಇರುವುದು ಹೊಟ್ಟೆಯಲ್ಲಿ. ಮಾಡೆಲ್ ಹೊಟ್ಟೆ ಒಳಗೆಳೆದು, ಎದೆ ಎತ್ತಿ ನಿಂತೇ ಬೆಳೆದವನು. ಹೊಟ್ಟೆ ಬಿಗಿಯಾಗಿದ್ದರೆ ವಪೆ, ಅಂದರೆ ಎದೆ ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯು, ಪೂರ್ತಿ ಕೆಳಗಿಳಿಯುವುದಿಲ್ಲ, ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ. ಹಾಗಾಗಿ ವಾಕ್ಯದ ಅರ್ಧಕ್ಕೇ ಗಾಳಿ ಖಾಲಿ. ಕನ್ನಡದಲ್ಲಿ ಇದು ಇನ್ನೂ ತುಟ್ಟಿ: ನಮ್ಮ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ‘ನಾನು ಅವತ್ತು ಅಲ್ಲಿಗೆ ಹೋಗಲೇ ಇಲ್ಲ’ ಎಂಬಲ್ಲಿ ‘ಇಲ್ಲ’ವೇ ನುಂಗಿಹೋದರೆ ಸೀನೇ ಹೋಯಿತು.

ಮದ್ದು ಸರಳ, ಬೇಸರದ್ದು. ಬೆನ್ನ ಮೇಲೆ ಮಲಗಿ, ಮಂಡಿ ಮಡಿಸಿ, ಹೊಟ್ಟೆಯ ಮೇಲೆ ಒಂದು ಪುಸ್ತಕ ಇಟ್ಟುಕೊಳ್ಳಬೇಕು. ಉಸಿರು ಎಳೆದಾಗ ಪುಸ್ತಕ ಏಳಬೇಕು, ಎದೆ ಏಳಬಾರದು. ಉಸಿರು ಬಿಡುತ್ತಾ ಗಟ್ಟಿಯಾಗಿ ಎಣಿಸಬೇಕು; ದನಿ ನಡುಗಲು ಶುರುವಾದಲ್ಲಿ ನಿಲ್ಲಿಸಬೇಕು, ಎಳೆದಾಡಬಾರದು. ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಆಮೇಲೆ ಯಾವುದಾದರೂ ಗದ್ಯವನ್ನು ಎದ್ದುನಿಂತು ಓದಬೇಕು: ಅ–ಹ, ಲ–ಳ, ಒತ್ತಕ್ಷರ, ಮಹಾಪ್ರಾಣ. ಇಂಗ್ಲಿಷ್ ಮೀಡಿಯಂ ಹುಡುಗರು ‘ಹಳ್ಳಿ’ಗೆ ‘ಹಲ್ಲಿ’ ಎನ್ನುವುದನ್ನು ಕೇಳಿದರೆ ಡಬ್ಬಿಂಗ್ ಥಿಯೇಟರಿನಲ್ಲಿ ಬೇರೆಯವರ ದನಿ ಯಾಕೆ ಕೂರಿಸುತ್ತಾರೆ ಎಂದು ಅರ್ಥವಾಗುತ್ತದೆ. ಒಂದು ವರ್ಷ ಬಿಡುವು ಮಾಡಿಕೊಳ್ಳಬಲ್ಲವರಿಗೆ ಹೆಗ್ಗೋಡಿನಲ್ಲಿ 1980ರಿಂದ ನಡೆಯುತ್ತಿರುವ ನೀನಾಸಮ್ ರಂಗಶಿಕ್ಷಣ ಕೇಂದ್ರವಿದೆ. ಅಲ್ಲಿ ಕಸ ಗುಡಿಸುವುದರಿಂದ ಹಿಡಿದು ಸೆಟ್ ಕಟ್ಟುವವರೆಗೆ ಎಲ್ಲವೂ ಪಾಠ. ಸುಂದರಾಂಗರಿಗೆ ಬಲು ಒಳ್ಳೆಯದು.

ಮೈಕಟ್ಟಿನ ವಿಚಾರವೂ ಇಲ್ಲಿಗೇ ಬಂದು ಸೇರುತ್ತದೆ. ಅಂಗಿ ಇಲ್ಲದ ಫೋಟೊ ಇದ್ದರೆ ಹಿಂದಿನ ದಿನದಿಂದ ಉಪ್ಪು, ನೀರು ಕಡಿಮೆ ಮಾಡುವ ಕೆಟ್ಟ ರೂಢಿ ಈ ಕಸುಬಿನಲ್ಲಿದೆ. ಹೊಟ್ಟೆಯ ಗೆರೆ ಕಾಣುತ್ತದೆ, ಒಂದು ದಿನದ ಮಟ್ಟಿಗೆ. ಸಿನಿಮಾದ ಚಿತ್ರೀಕರಣ ಐವತ್ತು ಅರವತ್ತು ದಿನ ನಡೆಯುತ್ತದೆ. ನೀರು ಬಿಟ್ಟವನ ಗಂಟಲು ಒಣಗಿ ದನಿ ಒಡೆಯುತ್ತದೆ, ತಲೆ ಸುತ್ತುತ್ತದೆ, ಮಾತು ಮರೆಯುತ್ತದೆ.

ಸೆಟ್ಟಿನಲ್ಲಿ ಎಡವುವ ಇನ್ನೆರಡು ಕಡೆಗಳಿವೆ. ಒಂದು, ನಟ ಎಲ್ಲಿ ನಿಲ್ಲಬೇಕೆಂದು ನೆಲದ ಮೇಲೆ ಅಂಟಿಸಿದ ಟೇಪಿನ ಗುರುತು. ಉದ್ದ ಲೆನ್ಸಿನ ಕ್ಲೋಸಪ್ಪಿನಲ್ಲಿ ಫೋಕಸ್ ಉಳಿಯುವುದು ಕೆಲವೇ ಅಂಗುಲ. ಕೆಳಗೆ ನೋಡದೆ ಅಲ್ಲಿ ನಿಲ್ಲಲು ಗುರುತಿನಿಂದ ಹಿಂದಕ್ಕೆ ಹೆಜ್ಜೆ ಎಣಿಸಿ ಇಟ್ಟುಕೊಳ್ಳಬೇಕು. ಇನ್ನೊಂದು ಕಂಟಿನ್ಯುಯಿಟಿ, ಅಂದರೆ ಒಂದು ಶಾಟಿನಲ್ಲಿ ಇದ್ದದ್ದು ಮುಂದಿನದರಲ್ಲೂ ಹಾಗೇ ಇರುವುದು. ‘ಹೋಗಲಿ ಬಿಡಮ್ಮ’ ಎಂಬಲ್ಲಿ ಲೋಟ ಎತ್ತಿದ್ದರೆ ಮುಂದಿನ ಶಾಟಿನಲ್ಲೂ ಅದೇ ಮಾತಿಗೆ, ಅದೇ ಕೈಯಲ್ಲಿ ಎತ್ತಬೇಕು. ಪ್ರತಿ ಫ್ರೇಮಿಗೂ ಹೊಸ ಭಂಗಿ ಕೊಟ್ಟು ಹೊಗಳಿಸಿಕೊಂಡವನು ಇಲ್ಲಿ ಎಡಿಟರ್ ಕೈಯಲ್ಲಿ ಬೈಸಿಕೊಳ್ಳುತ್ತಾನೆ.

ಉಳಿದುಕೊಂಡವರನ್ನು ನೋಡಿದರೆ ಯಾರೂ ಮೊದಲ ಮುಖದಲ್ಲೇ ಉಳಿದಿಲ್ಲ. 2001ರಲ್ಲಿ ನಾಯಕನಾಗಿ ಬಂದ ಅರ್ಜುನ್ ರಾಂಪಾಲ್‌ಗೆ ರಾಷ್ಟ್ರಪ್ರಶಸ್ತಿ ಬಂದದ್ದು 2008ರ ‘ರಾಕ್ ಆನ್’ ಚಿತ್ರದ ಪೋಷಕ ಪಾತ್ರಕ್ಕೆ. ನಮ್ಮ ಬೆಂಗಳೂರಿನ ಡಿನೋ ಮೋರಿಯಾ 1999ರಲ್ಲಿ ಪ್ರೇಮಿಯಾಗಿ ಬಂದರು, 2002ರಲ್ಲಿ ದೊಡ್ಡ ಗೆಲುವು ಕಂಡರು; ಆಮೇಲೆ ಬಹುಕಾಲ ಮಂಕಾಗಿದ್ದು 2021ರಲ್ಲಿ ವೆಬ್ ಸರಣಿಯೊಂದರಲ್ಲಿ ಬಾಬರನ ವೈರಿ ಶೈಬಾನಿ ಖಾನನ ಕ್ರೂರ ಪಾತ್ರ ಮಾಡಿದಾಗ ಜನ ಮತ್ತೆ ತಿರುಗಿ ನೋಡಿದರು. ಜಾಹೀರಾತು ಸಂಸ್ಥೆಯಲ್ಲಿ ಮೀಡಿಯಾ ಪ್ಲ್ಯಾನರ್ ಆಗಿದ್ದ ಜಾನ್ ಅಬ್ರಹಾಂ 1999ರಲ್ಲಿ ಗ್ಲ್ಯಾಡ್‌ರ‍್ಯಾಗ್ಸ್ ಮಾಡೆಲಿಂಗ್ ಸ್ಪರ್ಧೆ ಗೆದ್ದು, 2003ರಲ್ಲಿ ನಟನಾಗಿ, 2012ರ ಹೊತ್ತಿಗೆ ನಿರ್ಮಾಪಕರಾದರು. ಲೆಕ್ಕಾಚಾರ ಗೊತ್ತಿದ್ದವರು. ಎತ್ತರದ ಚೆಲುವನಿಗೆ ಮೊದಲು ಸಿಗುವುದು ನಾಯಕಿಯನ್ನು ಕಳೆದುಕೊಳ್ಳುವ ಫಾರಿನ್ ಹುಡುಗನ ಪಾತ್ರವೇ. ಎರಡು ಸಲ ಮಾಡಬಹುದು. ಮೂರನೆಯ ಸಲಕ್ಕೆ ಅದೇ ಹಣೆಪಟ್ಟಿ.

ಹಣದ ಮಾತು. ಜಾಹೀರಾತಿನಲ್ಲಿ ಕೊಡುವುದು ಬರೀ ಒಂದು ದಿನದ ಕೂಲಿಯಲ್ಲ, ಮುಖದ ಬಾಡಿಗೆ: ಯಾವ ಮಾಧ್ಯಮ, ಯಾವ ಪ್ರದೇಶ, ಎಷ್ಟು ಕಾಲ ಎಂಬ ಮೂರೂ ಕಾಗದದಲ್ಲಿ ಇರಬೇಕು. ಏಜೆನ್ಸಿ ಕಮಿಷನ್ ಸಾಮಾನ್ಯವಾಗಿ ಶೇ 15ರಿಂದ 20, ಮೊದಲೇ ಮುರಿದುಕೊಳ್ಳುವ ತೆರಿಗೆ (ಟಿಡಿಎಸ್) ಶೇ 10, ದುಡ್ಡು ಕೈಗೆ ಬರುವುದು ಎರಡು ಮೂರು ತಿಂಗಳಿಗೆ. ‘ಎಲ್ಲ ಮಾಧ್ಯಮ, ಇಡೀ ಜಗತ್ತು, ಶಾಶ್ವತ’ ಎಂದಿದ್ದರೆ ಸಹಿ ಹಾಕಬೇಡಿ. ನಾಳೆ ನೀವು ತಂದೆಯ ಪಾತ್ರ ಮಾಡಿದ ಚಿತ್ರ ಬಿಡುಗಡೆಯಾಗುವ ವಾರ ಹಳೆಯ ಬನಿಯನ್ ಜಾಹೀರಾತು ಓಡುತ್ತಿರುತ್ತದೆ. ಸಿನಿಮಾ ಒಪ್ಪಂದದಲ್ಲಿ ಕೂದಲು, ಗಡ್ಡದ ಕಂಟಿನ್ಯುಯಿಟಿ ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಬರೆಸಿಕೊಳ್ಳಿ. ಚಿತ್ರೀಕರಣ ಅರ್ಧಕ್ಕೆ ನಿಂತರೆ ಆ ಗಡ್ಡ ತಿಂಗಳುಗಟ್ಟಲೆ ಮುಖದ ಮೇಲೇ ಇರಬೇಕಾಗುತ್ತದೆ, ಶೇವಿಂಗ್ ಕ್ರೀಮಿನವರು ಅಷ್ಟರಲ್ಲಿ ಬೇರೆಯವರನ್ನು ನೋಡಿಕೊಂಡಿರುತ್ತಾರೆ. ಪ್ಯಾಚ್‌ವರ್ಕಿಗೆ (ಬಿಟ್ಟುಹೋದ ತುಣುಕು ಶಾಟುಗಳ ಚಿತ್ರೀಕರಣಕ್ಕೆ) ಎಷ್ಟು ದಿನ, ಅದಕ್ಕೆ ಬೇರೆ ಸಂಬಳ ಉಂಟೋ ಇಲ್ಲವೋ ಎಂಬುದನ್ನೂ ಅದೇ ಪುಟದಲ್ಲಿ ಸೇರಿಸಲು ಹೇಳಿ.