ಮನೆ ಬದಲಾಯಿಸುವಾಗ ಸ್ಪಂಜ್ ತೊಳೆಯಬೇಡಿ

ಹೋದ ತಿಂಗಳು ಮೈಸೂರಿನ ಕುವೆಂಪುನಗರದಿಂದ ಬೆಂಗಳೂರಿನ ವಿದ್ಯಾರಣ್ಯಪುರಕ್ಕೆ ಮನೆ ಬದಲಾಯಿಸಿದೆವು. ಸಾಮಾನೆಲ್ಲ ಲಾರಿಯಲ್ಲಿ ಹೋಯಿತು. ಅಕ್ವೇರಿಯಂನ ಮೀನುಗಳು, ಅಂದರೆ ಎರಡು ಗುರಾಮಿ, ಒಂಬತ್ತು ನಿಯಾನ್ ಟೆಟ್ರಾ, ನಾಲ್ಕು ಕೋರಿ ಮಾತ್ರ ನಮ್ಮ ಜೊತೆ ಕಾರಿನಲ್ಲಿ ಬಂದವು. ಹದಿನೈದೂ ಚೆನ್ನಾಗಿವೆ.

ಹಿಂದಿನ ಸಲ ಹೀಗಾಗಿರಲಿಲ್ಲ. ಆಗ ಎರಡು ರಸ್ತೆ ಆಚೆಗಷ್ಟೇ ಹೋಗಿದ್ದು. ಹೊಸ ಮನೆಯಲ್ಲಿ ಎಲ್ಲ ಚೊಕ್ಕಟವಾಗಿರಲಿ ಅಂತ ಟ್ಯಾಂಕ್, ಕಲ್ಲು, ಫಿಲ್ಟರ್‌ನ ಸ್ಪಂಜ್ ಎಲ್ಲವನ್ನೂ ನಲ್ಲಿ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದಿದ್ದೆ. ಒಂದೇ ವಾರದಲ್ಲಿ ಆರು ಮೀನು ಸತ್ತವು. ಮೀನು ಉಸಿರಾಡಿದಂತೆ, ತಿಂದಂತೆ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಹೆಚ್ಚಾಗಿ ಅಂಟಿಕೊಂಡಿರುವುದು ಸ್ಪಂಜಿಗೆ, ಕಲ್ಲಿಗೆ. ನಾನು ತೊಳೆದು ಚೆಲ್ಲಿದ್ದು ಅದನ್ನೇ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ಈ ಸಲ ಸ್ಪಂಜನ್ನು ಹಿಂಡಲೂ ಇಲ್ಲ. ಟ್ಯಾಂಕಿನ ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿ, ಗಾಳಿ ಆಡಲಿ ಅಂತ ಮುಚ್ಚಳ ಸಡಿಲ ಬಿಟ್ಟೆ. ಕಲ್ಲನ್ನೂ ಒದ್ದೆಯಾಗಿಯೇ ಬಕೆಟ್ಟಿಗೆ ಹಾಕಿದೆ. ಹಳೆ ನೀರನ್ನು ಎರಡು 20 ಲೀಟರ್ ಕ್ಯಾನಿನಲ್ಲಿ ಹಿಡಿದುಕೊಂಡೆವು, ಯಾಕೆಂದರೆ ಹೊಸ ಮನೆಯ ಬೋರ್‌ವೆಲ್ ನೀರು ತುಂಬಾ ಗಡಸು, ಒಮ್ಮೆಲೇ ಅದಕ್ಕೆ ಹಾಕಿದರೆ ಮೀನುಗಳು ತಡೆಯುವುದು ಕಷ್ಟ. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಯೇ ಎತ್ತಿ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್ ಅಂದರೆ ಸುಮಾರು 56 ಲೀಟರ್, ಅಂದರೆ 56 ಕೆಜಿ ನೀರು. ಸ್ವಲ್ಪ ನೀರು, ಕಲ್ಲು ಉಳಿದರೂ ಎತ್ತುವಾಗ ಗಾಜಿನ ಅಂಟು ಬಿಡಬಹುದು.

ಹೊರಡುವ ಹಿಂದಿನ ದಿನ ಮೀನಿಗೆ ತಿಂಡಿ ಹಾಕಲಿಲ್ಲ. ಮಗಳು ಪಾಪ ಅಂತ ಬೇಜಾರು ಮಾಡಿಕೊಂಡಳು. ಆದರೆ ಹೊಟ್ಟೆ ಖಾಲಿ ಇದ್ದರೆ ಮೀನು ಹಾಕಿ ಒಯ್ಯುವ ಪ್ಲಾಸ್ಟಿಕ್ ಕವರಿನ ನೀರು ಬೇಗ ಕೆಡುವುದಿಲ್ಲ, ಬೆಳೆದ ಮೀನು ಒಂದೆರಡು ದಿನ ಉಪವಾಸ ಇದ್ದರೆ ಏನೂ ಆಗಲ್ಲ. ಕವರಿನಲ್ಲಿ ಮೂರರಲ್ಲಿ ಒಂದು ಪಾಲು ನೀರು, ಉಳಿದದ್ದು ಗಾಳಿ. ನೀರು ಜಾಸ್ತಿ ತುಂಬಿದರೆ ಒಳ್ಳೆಯದು ಅನಿಸುತ್ತದೆ ಅಲ್ವಾ? ಆದರೆ ದಾರಿಯುದ್ದಕ್ಕೂ ಮೀನಿಗೆ ಬೇಕಾದ ಆಮ್ಲಜನಕ ಸಿಗುವುದು ಆ ಗಾಳಿಯಿಂದ. ಕೋರಿಯ ರೆಕ್ಕೆಯಲ್ಲಿ ಮುಳ್ಳಿದೆ, ಕವರ್ ತೂತಾಗುತ್ತದೆ. ಅವಕ್ಕೆ ಮುಚ್ಚಳದ ಬಕೆಟ್, ಜೊತೆಗೆ ಬ್ಯಾಟರಿಯ ಏರ್ ಪಂಪ್. ಕವರುಗಳೆಲ್ಲ ಥರ್ಮಾಕೋಲ್ ಡಬ್ಬದೊಳಗೆ, ಕತ್ತಲಲ್ಲಿ. ಮದ್ದೂರಿನಲ್ಲಿ ತಿಂಡಿಗೆ ನಿಲ್ಲಿಸಿದಾಗ ಒಬ್ಬರು ಕಾರಿನಲ್ಲೇ ಕೂತಿದ್ದೆವು, ಬಿಸಿಲಿಗೆ ಮುಚ್ಚಿದ ಕಾರು ಒಲೆಯಾಗುತ್ತದೆ.

ಬೆಂಗಳೂರು ಮುಟ್ಟಿದ ಮೇಲೆ ಪಾತ್ರೆ ಪೆಟ್ಟಿಗೆ ಬಿಚ್ಚುವ ಮೊದಲೇ ಟ್ಯಾಂಕ್ ಕೂರಿಸಿದೆ. ಕೆಳಗೆ ಥರ್ಮಾಕೋಲ್ ಹಾಳೆ, ಆಮೇಲೆ ಕಲ್ಲು, ಹಳೆ ನೀರು, ಕಡಿಮೆ ಬಿದ್ದಷ್ಟಕ್ಕೆ ಕ್ಲೋರಿನ್ ತೆಗೆಯುವ ಔಷಧಿ ಹಾಕಿದ ಹೊಸ ನೀರು. ಫಿಲ್ಟರ್ ಓಡಲು ಶುರುವಾದ ಮೇಲೆ ಕಟ್ಟಿದ ಕವರನ್ನು ಹಾಗೆಯೇ 20 ನಿಮಿಷ ತೇಲಿಬಿಟ್ಟೆ. ಬಿಚ್ಚಿದ ಮೇಲೆ ಮಾತ್ರ ತಡ ಮಾಡಬಾರದು. ಒಳಗಿದ್ದ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ, ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಏರುತ್ತದೆ, ಅಲ್ಲಿಯವರೆಗೆ ಸುಮ್ನೆ ಇದ್ದ ಅಮೋನಿಯಾ ವಿಷವಾಗುತ್ತದೆ. ಮೀನನ್ನು ಬಲೆಯಲ್ಲಿ ಎತ್ತಿ ಟ್ಯಾಂಕಿಗೆ ಬಿಟ್ಟೆ, ಕವರಿನ ನೀರನ್ನು ಚೆಲ್ಲಿದೆ.

ಆ ರಾತ್ರಿ ಲೈಟ್ ಹಾಕಲಿಲ್ಲ. ಮರುದಿನ ಒಂದು ಚಿಟಿಕೆ ತಿಂಡಿ ಅಷ್ಟೇ. ಮೂರನೇ ದಿನ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಸ್ವಲ್ಪ, 0.25 ಪಿಪಿಎಂ, ತೋರಿಸಿತು, ಕಾಲು ಭಾಗ ನೀರು ಬದಲಾಯಿಸಿದೆ. ಎರಡು ವಾರ ದಿನಾ ನೋಡಿದೆ, ಮತ್ತೆ ಏರಲಿಲ್ಲ. ಈಗ ಬೆಳಿಗ್ಗೆ ಎದ್ದರೆ ಕೋರಿಗಳು ಹಳೆ ಕಲ್ಲಿನ ನಡುವೆ ಮೂತಿ ತೂರಿಸಿಕೊಂಡು ತಿಂಡಿ ಹುಡುಕುತ್ತಿರುತ್ತವೆ, ಮಗಳು ಹಲ್ಲುಜ್ಜುತ್ತಾ ಅಲ್ಲೇ ನಿಂತಿರುತ್ತಾಳೆ.