ಚೀಟಿ ಕೊಡೋದು ಬಿಟ್ಟ ಮೇಲೆ

ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. 30 ದಾಟಿದ ಎಲ್ಲರಿಗೂ ಬಿಪಿ, ಶುಗರ್ ನೋಡುವುದು ನಮ್ಮ ಕೆಲಸ. ಶುಗರ್ ಬಂದೇಬಿಟ್ಟವರಿಗೆ ಮಾತ್ರೆ ಇದೆ, ಹಾಗಾಗಿ ಅವರು ತಪ್ಪದೆ ಬರುತ್ತಾರೆ. ನನಗೆ ಕಷ್ಟವಾಗಿದ್ದು ಶುಗರ್ ಇನ್ನೂ ಬಂದಿಲ್ಲ, ಆದರೆ ಅದರ ಹತ್ತಿರ ಇದ್ದಾರೆ ಅನ್ನುವವರದು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟಾಗ 100ರಿಂದ 125ರ ಒಳಗೆ ಬರುವವರು, ಅಥವಾ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 5.7ರಿಂದ 6.4ರ ಒಳಗೆ ಇರುವವರು. ಎಲ್ಲರೂ ಹೇಳುವ ಹಾಗೆ ನಾನೂ "ಬಾರ್ಡರ್‌ನಲ್ಲಿದೆ" ಅನ್ನುತ್ತಿದ್ದೆ. "ಸದ್ಯ, ಏನೂ ಇಲ್ಲವಲ್ಲ" ಅಂತ ಎದ್ದು ಹೋಗುತ್ತಿದ್ದರು. 2023ರಲ್ಲಿ ಹೊರಬಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಅಂದಾಜಿನಲ್ಲಿ ದೇಶದಲ್ಲಿ ಇಂಥವರು ಸುಮಾರು 13.6 ಕೋಟಿ.

ಮೊದಲೆರಡು ವರ್ಷ ನಾನು ಅವರಿಗೆಲ್ಲ ಒಂದು ಚೀಟಿ ಕೊಡುತ್ತಿದ್ದೆ. ಸಕ್ಕರೆ ಬಿಡಿ, ಅನ್ನ ಕಡಿಮೆ ಮಾಡಿ, ಓಟ್ಸ್ ತಿನ್ನಿ, ದಿನಾ ಅರ್ಧ ಗಂಟೆ ನಡೆಯಿರಿ. ಹೀಗೆ ಹನ್ನೆರಡು ಸಾಲು. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡಿದ್ದೆ.

ಒಬ್ಬ ಅಕ್ಕನಿಗೆ 44 ವರ್ಷ. ತೂಕ 71 ಕೆಜಿ. ತಾಯಿಗೆ ಶುಗರ್ ಇತ್ತು. ಎರಡನೇ ಬಸಿರಿನಲ್ಲಿ ಇವರಿಗೂ ಶುಗರ್ ಬಂದು, ಹೆರಿಗೆಯಾದ ಮೇಲೆ ಹೋಗಿತ್ತು. ಬಸಿರಿನಲ್ಲಿ ಬಂದು ಹೋದವರಿಗೆ ಮುಂದೆ ಅದು ಕಾಯಂ ಆಗುವ ಸಾಧ್ಯತೆ ಜಾಸ್ತಿ, ಆದರೆ ಆ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ 112 ಬಂತು. ಚೀಟಿ ಕೊಟ್ಟು ಕಳಿಸಿದೆ. ಏಳು ತಿಂಗಳ ಮೇಲೆ ಬಂದಾಗ 118.

"ಚೀಟಿ ಏನಾಯ್ತಕ್ಕ?"

"ದೇವರ ಮನೇಲಿ ಜೋಪಾನವಾಗಿ ಇಟ್ಟಿದ್ದೀನಿ ಸಿಸ್ಟರ್. ಮನೇಲಿ ಆರು ಜನಕ್ಕೆ ಅಡುಗೆ ಮಾಡೋಳು ನಾನು. ನನಗೊಬ್ಬಳಿಗೆ ಅಂತ ಬೇರೆ ಒಲೆ ಹಚ್ಚಕ್ಕಾಗುತ್ತಾ?"

ಆ ಮಾತು ನನ್ನನ್ನು ರಾತ್ರಿಯೆಲ್ಲ ಕಾಡಿತು. ಆರು ಜನರ ಊಟ ಅವರ ಕೈಯಲ್ಲಿದೆ. ಅಂಥವರ ಮನೆ ಹೇಗೆ ನಡೆಯುತ್ತದೆ ಅಂತ ಒಂದು ಮಾತು ಕೇಳದೆ, ಓಟ್ಸ್ ಅಂತ ಬರೆದು ಕೊಟ್ಟಿದ್ದೆ.

ಮುಂದಿನ ಸಲ ಚೀಟಿ ಬರೆಯಲಿಲ್ಲ. ಬೆಳಗ್ಗೆ ಎದ್ದಾಗಿನಿಂದ ಮಲಗುವ ತನಕ ಏನೇನು ಮಾಡುತ್ತೀರಿ ಹೇಳಿ ಅಂದೆ. ಹೇಳುತ್ತಾ ಹೋದರು. ಐದು ಲೋಟ ಟೀ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ಮಧ್ಯಾಹ್ನ ತಟ್ಟೆ ತುಂಬ ಅನ್ನ. ರಾತ್ರಿ ಎರಡು ಮುದ್ದೆ. "ರಾಗಿ ಶುಗರ್‌ಗೆ ಒಳ್ಳೇದಲ್ವಾ, ಎಷ್ಟು ತಿಂದರೂ ಏನೂ ಆಗಲ್ಲ" ಅಂದರು. ಈ ನಂಬಿಕೆ ನಮ್ಮ ಕಡೆ ಮನೆಮನೆಯಲ್ಲೂ ಇದೆ. ರಾಗಿಯಲ್ಲಿ ನಾರು ಇದೆ ನಿಜ, ಆದರೆ ಅದೂ ಅನ್ನದ ಹಾಗೆ ಪಿಷ್ಟವೇ. ಮುದ್ದೆ ದೊಡ್ಡದಾದರೆ ಸಕ್ಕರೆಯೂ ಏರುತ್ತದೆ.

ಹೇಳಿದರೆ ನಂಬುವುದಕ್ಕಿಂತ ಕಣ್ಣಾರೆ ನೋಡಲಿ ಅನಿಸಿತು. ಒಂದು ದಿನ ಯಾವಾಗಲೂ ಉಣ್ಣುವ ಹಾಗೇ ಅನ್ನ ಸಾರು ಉಂಡು, ಎರಡು ಗಂಟೆ ಬಿಟ್ಟು ಬನ್ನಿ ಅಂದೆ. ಗ್ಲುಕೋಮೀಟರ್‌ನಲ್ಲಿ 186. ಇನ್ನೊಂದು ದಿನ ಒಂದು ಸಣ್ಣ ಮುದ್ದೆ, ಜಾಸ್ತಿ ಸೊಪ್ಪಿನ ಸಾರು, ಹುರುಳಿಕಾಳಿನ ಪಲ್ಯ, ಕೊನೆಗೆ ಒಂದು ಹಿಡಿ ಅನ್ನ. 148. ಬೆರಳಿನ ರಕ್ತದಲ್ಲಿ ನೋಡಿದ ಲೆಕ್ಕದಿಂದ ಕಾಯಿಲೆ ಇದೆ, ಇಲ್ಲ ಅಂತ ತೀರ್ಮಾನಿಸಬಾರದು, ಅದಕ್ಕೆ ಲ್ಯಾಬೇ ಬೇಕು. ಆದರೆ ತನ್ನ ತಟ್ಟೆಗೂ ತನ್ನ ರಕ್ತಕ್ಕೂ ಇರುವ ನಂಟು ಆ ಎರಡು ನಂಬರಿನಲ್ಲಿ ಅವರಿಗೆ ಕಂಡಿತು. "ಸೊಪ್ಪು, ಕಾಳು ಎಲ್ಲರಿಗೂ ಜಾಸ್ತಿ ಮಾಡಿದರಾಯ್ತು, ಬೇರೆ ಒಲೆ ಯಾಕೆ?" ಅಂತ ಅವರೇ ಅಂದರು.

ನಡೆಯುವುದು ಹೇಗೆ ಅಂತಲೂ ನಾನು ಹೇಳಲಿಲ್ಲ, ಕೇಳಿದೆ. ಸುಮ್ನೆ ರಸ್ತೆಯಲ್ಲಿ ವಾಕಿಂಗ್ ಹೋದರೆ ಊರವರು ಆಡಿಕೊಳ್ಳುತ್ತಾರೆ ಅನ್ನುವ ಸಂಕೋಚ ಅವರಿಗಿತ್ತು. ಸ್ವಲ್ಪ ಹೊತ್ತು ಯೋಚಿಸಿ, "ಡೈರಿಗೆ ಹಾಲು ನಾನೇ ಹಾಕಿ ಬರ್ತೀನಿ" ಅಂದರು. ಅಷ್ಟು ದಿನ ಮಗ ಬೈಕಿನಲ್ಲಿ ಹೋಗುತ್ತಿದ್ದ. ಹೋಗಲು ಕಾಲು ಗಂಟೆ, ಬರಲು ಕಾಲು ಗಂಟೆ, ಬೆಳಗ್ಗೆ ಸಂಜೆ ಎರಡು ಹೊತ್ತು. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಸಾಕು ಅನ್ನುತ್ತಾರೆ. ಇವರದು ಅದಕ್ಕಿಂತ ಎಷ್ಟೋ ಹೆಚ್ಚು. ನಾನು ಎಷ್ಟು ಯೋಚಿಸಿದ್ದರೂ ಡೈರಿ ನನಗೆ ಹೊಳೆಯುತ್ತಿರಲಿಲ್ಲ.

ಒಂದು ವರ್ಷಕ್ಕೆ ತೂಕ 67ಕ್ಕೆ ಇಳಿಯಿತು. ಖಾಲಿ ಹೊಟ್ಟೆಯ ಶುಗರ್ 101. ಪೂರ್ತಿ ಇಳಿದಿಲ್ಲ, ಆದರೆ ಏರುತ್ತಿದ್ದದ್ದು ತಿರುಗಿತು.

ಜೊತೆಗೆ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ರಕ್ತ ಕಡಿಮೆ ಇರುವ ಹೆಂಗಸರಲ್ಲಿ ಎಚ್‌ಬಿಎ1ಸಿ ಒಂದನ್ನೇ ನಂಬಬೇಡಿ. ಕಬ್ಬಿಣಾಂಶ ಕಡಿಮೆಯಾದಾಗ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ನಮ್ಮ ಹಳ್ಳಿಗಳಲ್ಲಿ ಅಂಥವರು ಎಷ್ಟು ಜನ ಅಂತ ನಿಮಗೇ ಗೊತ್ತು. ಖಾಲಿ ಹೊಟ್ಟೆಯದನ್ನೂ ಮಾಡಿಸಿ, ಡಾಕ್ಟರ್‌ಗೆ ತೋರಿಸಿ.

ಎಲ್ಲರದೂ ಆ ಅಕ್ಕನ ಹಾಗೇ ಆಗುವುದಿಲ್ಲ. ಆಲೆಮನೆಯಲ್ಲಿ ಕೆಲಸ ಮಾಡುವ ಒಬ್ಬ ಅಣ್ಣ ಕಬ್ಬಿನ ಹಾಲು ಬಿಟ್ಟರು, ಬಿಸಿ ಬೆಲ್ಲದ ರುಚಿ ನೋಡುವುದನ್ನೂ ಬಿಟ್ಟರು. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ದಿನಾ ಊಟ ಬರೆದಿಟ್ಟರು. ಆದರೂ ಒಂದೂವರೆ ವರ್ಷಕ್ಕೆ ಲ್ಯಾಬಿನಲ್ಲಿ ಖಾಲಿ ಹೊಟ್ಟೆಯ ಶುಗರ್ 131 ಬಂತು. ಎರಡನೇ ಸಲ ಮಾಡಿಸಿದರೂ ಅಷ್ಟೇ. ಅಲ್ಲಿಂದ ಉಪಕೇಂದ್ರಕ್ಕೆ ಬರುವುದನ್ನೇ ನಿಲ್ಲಿಸಿದರು.

ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ಹೀಗೆ ಬಾರ್ಡರ್‌ನಲ್ಲಿದ್ದ 531 ಜನರನ್ನು ಮೂರು ವರ್ಷ ನೋಡಿ 2006ರಲ್ಲಿ ಪ್ರಕಟಿಸಿದ ಲೆಕ್ಕ ನನಗೆ ಆಗ ನೆನಪಾಯಿತು. ಮಾಮೂಲಿ ಸಲಹೆ ಮಾತ್ರ ಸಿಕ್ಕವರಲ್ಲಿ ನೂರಕ್ಕೆ 55 ಜನಕ್ಕೆ ಶುಗರ್ ಬಂತು. ಊಟ, ನಡಿಗೆ ಬದಲಿಸಿಕೊಂಡವರಲ್ಲಿ 39 ಜನಕ್ಕೆ. ನಾನು ಮೊದಲೆಲ್ಲ ಕಡಿಮೆಯಾದದ್ದನ್ನು ಮಾತ್ರ ಹೇಳುತ್ತಿದ್ದೆ. ಆ 39 ಜನರೂ ಪಾಡು ಪಟ್ಟವರೇ, ಅಲ್ವಾ?

ಆಶಾ ಕಾರ್ಯಕರ್ತೆಯ ಜೊತೆ ಆ ಅಣ್ಣನ ಮನೆಗೆ ಹೋದೆ. ಬೈತೀನಿ ಅಂತ ತಲೆ ತಗ್ಗಿಸಿ ಕೂತಿದ್ದರು. "ನೀವು ಮಾಡಿದ್ದು ಯಾವುದೂ ವ್ಯರ್ಥ ಆಗಿಲ್ಲ ಅಣ್ಣ. ಸುಮ್ನೆ ಇದ್ದಿದ್ದರೆ ಇನ್ನೂ ಬೇಗ ಬರಬಹುದಿತ್ತು, ಇನ್ನೂ ಜಾಸ್ತಿ ಬರಬಹುದಿತ್ತು. ಈಗ ಮಾತ್ರೆಯೂ ಜೊತೆಗೆ ಬೇಕು, ಅಷ್ಟೇ" ಅಂದೆ. ಏನೂ ಮಾತಾಡಲಿಲ್ಲ. ಅವರ ಹೆಂಡತಿ ಸಕ್ಕರೆ ಹಾಕದ ಟೀ ತಂದುಕೊಟ್ಟರು.

ಸೋಮವಾರ ಬೆಳಗ್ಗೆ ಉಪಕೇಂದ್ರದ ಬಾಗಿಲು ತೆಗೆಯುವ ಹೊತ್ತಿಗೆ ಅವರು ಕಟ್ಟೆಯ ಮೇಲೆ ಕೂತಿದ್ದರು. ಕೈಯಲ್ಲಿ ಆ ನೋಟ್‌ಬುಕ್ ಇತ್ತು.