25,478 ರೂಪಾಯಿ

ಅಕ್ಕನ ಮಗನಿಗೆ ಕಳೆದ ತಿಂಗಳು ಬೆಂಗಳೂರಿನಲ್ಲಿ ಮೊದಲ ಸಂಬಳ ಆಯ್ತು. ಖುಷಿಯ ಫೋನು ಅಂದುಕೊಂಡು ಎತ್ತಿದರೆ, "ಮಾಮಾ, ವರ್ಷಕ್ಕೆ 3.60 ಲಕ್ಷ ಅಂದಿದ್ರು. ಅಂದ್ರೆ ತಿಂಗಳಿಗೆ 30,000. ಅಕೌಂಟಿಗೆ ಬಂದಿರೋದು 25,478. ಉಳಿದದ್ದು ಯಾರು ತಿಂದ್ರು?"

ಪೇ ಸ್ಲಿಪ್ಪು, ಆಫರ್ ಲೆಟರು ಎರಡನ್ನೂ ವಾಟ್ಸಾಪಿಗೆ ಹಾಕಿಸಿಕೊಂಡು ಕನ್ನಡಕ ಏರಿಸಿದೆ. ಬೇಸಿಕ್ 15,000. ಅದರ ಶೇ. 12, ಅಂದರೆ 1,800, ಇವನ ಪಿಎಫ್‌ಗೆ ಕಟ್. ಕಂಪನಿಯೂ ಅಷ್ಟೇ ಹಾಕುತ್ತದೆ, ಆದರೆ ಆ 1,800 ಕೂಡ ಸಿಟಿಸಿಯ (ಇವನಿಗಾಗಿ ಕಂಪನಿ ಮಾಡೋ ಒಟ್ಟು ಖರ್ಚು, ಅಂದರೆ ಅದೇ 3.60 ಲಕ್ಷ) ಹೊಟ್ಟೆಯೊಳಗೇ ಇದೆ! ಗ್ರಾಚ್ಯುಟಿ 722. ಸಾಮಾನ್ಯವಾಗಿ ಐದು ವರ್ಷವಾದರೂ ದುಡಿದು ಕೆಲಸ ಬಿಡುವಾಗ ಕೈಗೆ ಸಿಗೋ ದುಡ್ಡು, ಅದನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿದ್ದಾರೆ. ವೃತ್ತಿ ತೆರಿಗೆ 200. (ಫೆಬ್ರವರಿಯಲ್ಲಿ 300 ಹಿಡೀತಾರೆ. ಈಗಲೇ ಹೇಳಿ ಯಾಕೆ ಹೊಟ್ಟೆ ಉರಿಸಲಿ ಅಂತ ಸುಮ್ಮನಾದೆ.) ಕೂಡಿ ಕಳೆದರೆ ಲೆಕ್ಕವೇನೋ ಸರಿ. ಆದರೂ ಕಂಪನಿಯ ಖರ್ಚನ್ನೆಲ್ಲ ಸಂಬಳ ಅಂತ ತೋರಿಸೋದು ನನಗೆ ಯಾಕೋ ಹಿಡಿಸಲ್ಲ.

ಅಪ್ಪ ಹಂಚಿನ ಕಾರ್ಖಾನೆಯಲ್ಲಿದ್ದಾಗ ಶನಿವಾರ ಬಟವಾಡೆ. ರಿಜಿಸ್ಟರಿನಲ್ಲಿ ಸಹಿ, ಮುಂಗಡ ತಗೊಂಡಿದ್ದರೆ ಕಟ್, ಮಿಕ್ಕಿದ್ದು ಅಂಗಿ ಜೇಬಿಗೆ. ಮನೆಗೆ ಬಂದು ಅಮ್ಮನ ಕೈಗಿಟ್ಟರೆ ಅವಳು ದಿನಸಿ ಅಂಗಡಿಯ ಬಾಕಿಗೆ ಬೇರೆ, ಹಾಲಿನವರಿಗೆ ಬೇರೆ ಅಂತ ನೋಟು ಮಡಚಿ ಸಾಸಿವೆ ಡಬ್ಬಿಯ ಹಿಂದೆ ಇಡುತ್ತಿದ್ದಳು.

ಇವತ್ತು ಹುಡುಗನದು ಮತ್ತೆ ಮೆಸೇಜು: "ಪಿಎಫ್ ಪಾಸ್‌ಬುಕ್ಕಲ್ಲಿ ಕಂಪನಿ ಪಾಲು 550 ಅಷ್ಟೇ ಇದೆ!"

ಉಳಿದ 1,250 ಪಿಂಚಣಿಗೆ ಹೋಗಿದೆ ಮಾರಾಯ. ಇರು, ಊಟ ಮಾಡಿ ಫೋನ್ ಮಾಡ್ತೀನಿ.